ಅಂಗಳದ ಬಿಳಿ ಸ್ಪಿಟ್ಜ್: ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಒಂದು ನಾಯಿ ತಳಿಯ ಮೂಲ ಮತ್ತು ಲಕ್ಷಣ

1. ಯಾವ ನಾಯಿ?

ಉಡುಪಿ ಜಿಲ್ಲೆಯ ಉತ್ತರದ ಮೂರು ತಾಲೂಕುಗಳಾದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಊರುಮನೆಗಳಲ್ಲಿ ‘ಪಾಮೇರಿಯನ್’ ಎಂದು ಕರೆಸಿಕೊಳ್ಳುವ ಬಿಳಿ ನಾಯಿಯೊಂದಿದೆ. ಚೂಪು ಮೂತಿ, ನಿಮಿರಿದ ಪುಟ್ಟ ಕಿವಿ, ಕುತ್ತಿಗೆಯ ಸುತ್ತ ದಟ್ಟ ಕೂದಲು, ಬೆನ್ನಿನ ಮೇಲೆ ಮಡಿಸಿಕೊಂಡ ಬಾಲ, ಕಪ್ಪು ಮೂಗು, ಕಪ್ಪುಗಣ್ಣು. ಸಾಕುವವರೂ ಮಾರುವವರೂ ಅದಕ್ಕೆ ಹೇಳುವ ಹೆಸರು ಇದೊಂದೇ. ಆದರೆ ಶ್ವಾನ ತಳಿಗಳ ಇಂದಿನ ವರ್ಗೀಕರಣದಲ್ಲಿ ಪೊಮೇರಿಯನ್ ಎಂದರೆ 18ರಿಂದ 24 ಸೆಂಟಿಮೀಟರ್ ಎತ್ತರದ, ಮೂರೂವರೆ ಕಿಲೋ ದಾಟದ ಮಡಿಲ ನಾಯಿ. ನಮ್ಮ ಅಂಗಳದ ನಾಯಿ ಅದಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಅದನ್ನು ಪೊಮೇರಿಯನ್ನಿನಿಂದ ಬೇರ್ಪಡಿಸಿ ‘ಇಂಡಿಯನ್ ಸ್ಪಿಟ್ಜ್’ ಎಂಬ ಸ್ವತಂತ್ರ ತಳಿಯಾಗಿ ಮನ್ನಿಸಿದೆ. ಇದರಲ್ಲಿ ಎರಡು ಗಾತ್ರಗಳಿವೆ. ಸಾಮಾನ್ಯವಾಗಿ ಹೇಳುವ ಅಳತೆಯ ಪ್ರಕಾರ ಚಿಕ್ಕದು 5ರಿಂದ 7 ಕಿಲೋ ತೂಗುತ್ತದೆ. ದೊಡ್ಡದು 35ರಿಂದ 45 ಸೆಂಟಿಮೀಟರ್ ಎತ್ತರವಿದ್ದು 12ರಿಂದ 20 ಕಿಲೋವರೆಗೆ ತೂಗುತ್ತದೆ.

ಈ ಟಿಪ್ಪಣಿ ಮುಂದಿಡುವ ವಾದ ಇಷ್ಟು: ಈ ನಾಯಿಯ ವಂಶ ಜರ್ಮನಿಯದು, ಆದರೆ ಅದು ತಳಿಯಾಗಿ ರೂಪುಗೊಂಡದ್ದು ಭಾರತದ ಮನೆಗಳಲ್ಲಿ. ಕರಾವಳಿಯ ಒಂಟಿಮನೆಗಳ ಬದುಕಿಗೆ ಅದರ ಸ್ವಭಾವ ಹೊಂದಿಕೊಂಡದ್ದರಿಂದ ಅದಕ್ಕೆ ಇಲ್ಲಿ ನೆಲೆ ಸಿಕ್ಕಿತು. ಆದರೆ ಅದರ ಗುರುತಾಗಿರುವ ಬಿಳುಪು ಮತ್ತು ಉದ್ದ ಕೂದಲು ಒಂದೇ ಒಂದು ಬೆರಕೆಯಲ್ಲಿ ಮರೆಯಾಗುವಂಥ ಗುಣಗಳು. ಆದ್ದರಿಂದ ಇರುವಾಗಲೇ ಈ ತಳಿಯನ್ನು ಅಳೆದು ಬರೆದಿಡುವ ಕೆಲಸ ಆಗಬೇಕು.

2. ವಂಶದ ಬೇರು

ಜರ್ಮನ್ ಸ್ಪಿಟ್ಜ್ ಮಧ್ಯ ಯುರೋಪಿನ ಅತ್ಯಂತ ಹಳೆಯ ತಳಿ, ಶಿಲಾಯುಗದ ಕೆಸರುಭೂಮಿಯ ನಾಯಿಯ ನೇರ ಸಂತತಿ ಎಂದು ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ತಳಿ ವಿವರಣೆ ಹೇಳುತ್ತದೆ. 19ನೆಯ ಶತಮಾನದಲ್ಲಿ ಸ್ವಿಸ್ ವಿಜ್ಞಾನಿ ರ್‍ಯೂಟಿಮೆಯರ್ ಸರೋವರದಂಚಿನ ಪ್ರಾಚೀನ ನೆಲೆಗಳಲ್ಲಿ ಸಿಕ್ಕ ನಾಯಿಗಳ ತಲೆಬುರುಡೆಗಳನ್ನು ವಿವರಿಸಿದ ಮೇಲೆ ಹುಟ್ಟಿಕೊಂಡ ನಂಬಿಕೆ ಇದು. ಈ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಗ್ರೆಗರ್ ಲಾರ್ಸನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ‘ಪ್ರಾಚೀನ’ ಎನಿಸಿಕೊಂಡ ತಳಿಗಳ ವಂಶವಾಹಿಗಳು ಬೇರೆಯಾಗಿ ಕಾಣುವುದು ಅವು ಇತರ ನಾಯಿಗಳೊಡನೆ ಬೆರೆಯದೆ ದೂರ ಉಳಿದದ್ದರಿಂದ. ಅದು ಅವುಗಳ ವಯಸ್ಸಿನ ಪುರಾವೆಯಲ್ಲ. ಚೂಪು ಮೂತಿ, ನಿಮಿರುಗಿವಿ, ಸುತ್ತಿದ ಬಾಲದ ರೂಪ ಹಳೆಯದಿರಬಹುದು. ಆದರೆ ವಂಶಾವಳಿ ಬರೆದು ಕಾಪಾಡುವ ತಳಿ ಎಂಬ ಪದ್ಧತಿ 19ನೆಯ ಶತಮಾನದ್ದು. ಜರ್ಮನ್ ಸ್ಪಿಟ್ಜ್ ಸಾಕುವವರ ಸಂಘ ಹುಟ್ಟಿದ್ದು 1899ರಲ್ಲಿ.

ಬಿಳಿ ಸ್ಪಿಟ್ಜ್ ಬಾಲ್ಟಿಕ್ ಕಡಲ ತಡಿಯ ಪೊಮೇರೇನಿಯಾದ ಹೆಸರು ಹೊತ್ತು ಇಂಗ್ಲೆಂಡಿಗೆ ಹೋಯಿತು. ಆ ಸೀಮೆ ಇಂದು ಪೋಲೆಂಡ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿದೆ. ಮೂರನೆಯ ಜಾರ್ಜ್‌ನ ರಾಣಿ, ಜರ್ಮನ್ ರಾಜಕುಮಾರಿಯಾಗಿ ಹುಟ್ಟಿದ ಷಾರ್ಲಟ್, 1767ರಲ್ಲಿ ಇಂಥ ಎರಡು ನಾಯಿಗಳನ್ನು ಲಂಡನ್ನಿಗೆ ತರಿಸಿಕೊಂಡಳೆಂದು ತಳಿಯ ಇತಿಹಾಸಗಳು ಹೇಳುತ್ತವೆ. ಚಿತ್ರಕಾರ ಥಾಮಸ್ ಗೇನ್ಸ್‌ಬರೊ 1777ರ ಸುಮಾರಿಗೆ ಬರೆದ ತಾಯಿ ಮತ್ತು ಮರಿಯ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರಲ್ಲಿರುವುದು ಮಡಿಲಲ್ಲಿ ಕೂರುವ ನಾಯಿಯಲ್ಲ. ಉದ್ದ ಮೂತಿಯ, ಗಟ್ಟಿ ಕಾಲಿನ, ಮಧ್ಯಮ ಗಾತ್ರದ ಬಿಳಿ ಸ್ಪಿಟ್ಜ್. ಪೊಮೇರಿಯನ್ ಕುಗ್ಗತೊಡಗಿದ್ದು ಆಮೇಲೆ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಚಿಕ್ಕ ಗಾತ್ರದ ಮಾರ್ಕೊ ಎಂಬ ನಾಯಿಯನ್ನು ತಂದು ಸಾಕಿದ ಮೇಲೆ ಸಣ್ಣದಕ್ಕೆ ಬೇಡಿಕೆ ಏರಿತು. ಆ ಮಾರ್ಕೊ ಕೂಡ ಐದು ಕಿಲೋ ಮೀರಿತ್ತು. ಇಂದಿನ ಅಳತೆಯಲ್ಲಿ ಅದು ಪೊಮೇರಿಯನ್ ಎನಿಸಿಕೊಳ್ಳುವುದೇ ಇಲ್ಲ. ಚಿಕ್ಕ ದೇಹಕ್ಕೆ ಕಾರಣವಾದ ಒಂದು ಮುಖ್ಯ ರೂಪಾಂತರ 54,000 ವರ್ಷ ಹಿಂದಿನ ಸೈಬೀರಿಯಾದ ತೋಳದಲ್ಲೂ ಇತ್ತೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾಗಿ ಕುಗ್ಗಿಸುವುದಕ್ಕೆ ಹೊಸ ಗುಣವೇನೂ ಹುಟ್ಟಬೇಕಾಗಿರಲಿಲ್ಲ. ಚಿಕ್ಕವನ್ನೇ ಆರಿಸಿ ಕೂಡಿಸಿದರೆ ಸಾಕಿತ್ತು.

ಈ ಕಾಲಕ್ರಮ ನಮ್ಮ ವಿಷಯಕ್ಕೆ ಮುಖ್ಯ. ಬ್ರಿಟಿಷರ ಜೊತೆ ಭಾರತಕ್ಕೆ ಬಂದ ಸ್ಪಿಟ್ಜ್ ಹಳೆಯ ಗಾತ್ರದ ನಾಯಿ. ಇಂಗ್ಲೆಂಡಿನಲ್ಲಿ ಹೆಸರು ಉಳಿದು ನಾಯಿ ಚಿಕ್ಕದಾಯಿತು. ಇಲ್ಲಿ ಹೆಸರೂ ಗಾತ್ರವೂ ಉಳಿದವು. ಕುಂದಾಪುರದವರು ಪಾಮೇರಿಯನ್ ಎನ್ನುವುದು ಅಜ್ಞಾನದ ಮಾತಲ್ಲ, 18ನೆಯ ಶತಮಾನದ ಅರ್ಥದಲ್ಲಿ ಸರಿಯಾದ ಮಾತೇ.

ಇದೇ ಬಿಳಿ ಜರ್ಮನ್ ಸ್ಪಿಟ್ಜ್ ಬೇರೆ ದೇಶಗಳಿಗೂ ಹೋಗಿ ಅಲ್ಲಲ್ಲಿಯ ತಳಿಯಾಯಿತು. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಕಾಲದ ಜರ್ಮನ್ ವಿರೋಧಿ ಭಾವನೆಯಿಂದಾಗಿ ಅದಕ್ಕೆ ಎಸ್ಕಿಮೊ ನಾಯಿ ಎಂಬ ಹೆಸರು ಬಂತು. ಜಪಾನಿಗೆ ಅದು 1920ರ ಸುಮಾರಿಗೆ ಸೈಬೀರಿಯಾ, ಚೀನಾಗಳ ದಾರಿಯಲ್ಲಿ ತಲುಪಿತೆಂದು ಹೇಳುತ್ತಾರೆ. 1948ರಲ್ಲಿ ಅಲ್ಲಿಯ ಕೆನಲ್ ಕ್ಲಬ್ ಜಪಾನೀ ಸ್ಪಿಟ್ಜ್‌ಗೆ ಲಕ್ಷಣ ನಿಗದಿ ಮಾಡಿತು. ಆ ಎರಡೂ ದೇಶಗಳು ಜರ್ಮನ್ ಮೂಲವನ್ನು ಬಲ್ಲವು, ಆದರೂ ನಾಯಿಯನ್ನು ತಮ್ಮದೆಂದೇ ಬಗೆದು ದಾಖಲೆ ಇಟ್ಟಿವೆ. ಇಂಡಿಯನ್ ಸ್ಪಿಟ್ಜ್‌ಗೂ ಅದೇ ನ್ಯಾಯ ಸಲ್ಲಬೇಕು.

3. ಕರಾವಳಿಗೆ ಬಂದ ದಾರಿ

ಮಂಗಳೂರಿಗೆ 1834ರಲ್ಲೇ ಬಾಸೆಲ್ ಮಿಷನ್ನಿನ ಜರ್ಮನ್ ಮಾತಿನ ಪಾದ್ರಿಗಳು ಬಂದರು. ಹಂಚಿನ ಕಾರ್ಖಾನೆ, ಅಚ್ಚುಕೂಟ, ಶಾಲೆಗಳನ್ನು ಕಟ್ಟಿದರು. ಜರ್ಮನ್ ನಾಯಿಯನ್ನೂ ಅವರೇ ತಂದಿರಬೇಕೆಂದು ಕತೆ ಹೆಣೆಯುವುದು ಬಹಳ ಸುಲಭ. ಆದರೆ ಈ ನಾಯಿ ಕರಾವಳಿಗೆ ಸೀಮಿತವಾದುದಲ್ಲ. ಕೋಲ್ಕತ್ತ, ದೆಹಲಿ, ಮುಂಬೈ, ಬೆಂಗಳೂರು ಎಲ್ಲೆಡೆ ಇದ್ದ ನಾಯಿಗೆ ಒಂದು ಜಿಲ್ಲೆಯ ಮಿಷನ್ನನ್ನು ಮೂಲವೆನ್ನುವ ಅಗತ್ಯ ಬೀಳುವುದಿಲ್ಲ. ದಂಡುಪ್ರದೇಶಗಳಲ್ಲೂ ಗಿರಿಧಾಮಗಳಲ್ಲೂ ಬ್ರಿಟಿಷ್ ಕುಟುಂಬಗಳು ಸಾಕಿದ ನಾಯಿಗಳಿಂದ ನಗರಗಳ ಭಾರತೀಯ ಮನೆಗಳಿಗೆ, ಅಲ್ಲಿಂದ ಊರುಗಳಿಗೆ ಎಂಬ ಸಾಮಾನ್ಯ ದಾರಿಯೇ ಸಾಕಾಗುತ್ತದೆ.

ಬಿಸಿಲಿಗೆ ಹೊಂದುವಂತೆ ಬ್ರಿಟಿಷರು ಯೋಜನೆ ಹಾಕಿ ಈ ತಳಿಯನ್ನು ರೂಪಿಸಿದರು ಎಂಬ ಮಾತೂ ಬಳಕೆಯಲ್ಲಿದೆ. ಅದಕ್ಕಿಂತ ಸರಳ ವಿವರಣೆ ಇದೆ. ಹೊರಗಿನಿಂದ ಹೊಸ ರಕ್ತ ಬರುವುದು ಅಪರೂಪವಾದಾಗ, ಸೆಕೆಯನ್ನೂ ಉಣ್ಣಿಯನ್ನೂ ತಾಳಿ ಬದುಕಿದ ನಾಯಿಗಳೇ ಮರಿ ಹಾಕಿದವು. ಮನೆಯವರು ಅವುಗಳ ಮರಿಗಳನ್ನೇ ಹಂಚಿದರು. ನಾಲ್ಕೈದು ದಶಕ ಹೀಗೆ ಸಾಗಿದರೆ ಮೈಗೂದಲು ತೆಳುವಾಗುವುದಕ್ಕೆ, ದೇಹ ಹಗುರಾಗುವುದಕ್ಕೆ ಯಾವ ಯೋಜನೆಯೂ ಬೇಡ.

1980–90ರ ದಶಕಗಳಲ್ಲಿ ಇಂಡಿಯನ್ ಸ್ಪಿಟ್ಜ್ ದೇಶದ ಮಧ್ಯಮ ವರ್ಗದ ಅಚ್ಚುಮೆಚ್ಚಿನ ನಾಯಿಯಾಯಿತು. ಆಮದಿನ ಕಟ್ಟುಪಾಡುಗಳಿಂದ ವಿದೇಶೀ ತಳಿಗಳು ಕೈಗೆಟುಕುತ್ತಿರಲಿಲ್ಲ. ಸ್ಪಿಟ್ಜ್ ಆದರೋ ಇಲ್ಲೇ ಸಿಗುತ್ತಿತ್ತು, ಮನೆಯ ಅನ್ನ ತಿಂದು ಬೆಳೆಯುತ್ತಿತ್ತು. 1994ರ ಹಿಂದಿ ಚಿತ್ರ ‘ಹಮ್ ಆಪ್ಕೆ ಹೈ ಕೌನ್’ನ ಟಫಿ ಎಂಬ ಬಿಳಿ ನಾಯಿ ಅದರ ಖ್ಯಾತಿಯನ್ನು ಇನ್ನಷ್ಟು ಹಬ್ಬಿಸಿತು. ಕುಂದಾಪುರ ಸೀಮೆಗೆ ನಗರಗಳ ನಂಟು ಆಗಲೇ ಬಲವಾಗಿತ್ತು. ಬೆಂಗಳೂರು, ಮುಂಬೈ, ಹೈದರಾಬಾದುಗಳಲ್ಲಿ ಹೋಟೆಲು ನಡೆಸುವವರು, ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ ಕೆಲಸಕ್ಕೆ ಸೇರಿ ದೇಶದುದ್ದಕ್ಕೂ ವರ್ಗವಾದವರು ಪ್ರತಿ ಮನೆತನದಲ್ಲೂ ಇದ್ದರು. ಬಿಳಿ ನಾಯಿ ಊರಿಗೆ ಬಂದದ್ದು ಮುಖ್ಯವಾಗಿ ಈ ನಂಟಿನ ದಾರಿಯಲ್ಲಿ ಎಂಬುದು ನನ್ನ ತೀರ್ಮಾನ. ಬಂದ ಮೇಲೆ ಅದು ಹರಡಿದ್ದು ಅಂಗಡಿಯಿಂದಲ್ಲ, ನೆಂಟಸ್ತಿಕೆಯಿಂದ. ಒಂದು ಮನೆಯ ಹೆಣ್ಣುನಾಯಿ ಕುನ್ನಿ ಹಾಕಿದರೆ ಅಕ್ಕನ ಮನೆಗೊಂದು, ಮಾವನ ಮನೆಗೊಂದು, ನೆರೆಮನೆಗೊಂದು ಎಂದು ಹಂಚಿಕೆಯಾಗುತ್ತಿತ್ತು.

4. ಸ್ವಭಾವ ಮತ್ತು ನೆಲೆ

ಸ್ಪಿಟ್ಜ್ ಬೇಟೆನಾಯಿಯಲ್ಲ. ಜರ್ಮನಿಯ ಹಳ್ಳಿಗಳಲ್ಲಿ ಅದು ರೈತನ ಅಂಗಳವನ್ನು, ದ್ರಾಕ್ಷಿ ತೋಟವನ್ನು, ಗಾಡಿಯಾಳಿನ ಸರಕನ್ನು ಕಾಯುತ್ತಿತ್ತು. ಅಪರಿಚಿತರ ಬಗ್ಗೆ ಸಂಶಯ, ಬೇಟೆಯ ಹುಚ್ಚಿಲ್ಲದಿರುವುದು, ಮನೆ ಬಿಟ್ಟು ಅಲೆಯದಿರುವುದು, ಇವು ಅಂತರರಾಷ್ಟ್ರೀಯ ಒಕ್ಕೂಟವೂ ಈ ಗುಂಪಿಗೆ ಹೇಳುವ ಗುಣಗಳು.

ಈ ಗುಣಗಳನ್ನು ನಮ್ಮ ಊರುಗಳ ವಿನ್ಯಾಸದ ಪಕ್ಕದಲ್ಲಿಟ್ಟು ನೋಡಬೇಕು. ಬಯಲುಸೀಮೆಯಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳ ಗುಂಪು. ಅಪರಿಚಿತ ಕಾಲಿಟ್ಟರೆ ಇಡೀ ಬೀದಿಗೆ ತಿಳಿಯುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿಗಳಲ್ಲಿ ಗದ್ದೆಯ ಅಂಚಿಗೊಂದು, ತೋಟದ ನಡುವಿಗೊಂದು ಮನೆ. ಗಂಡಸರು ಪರವೂರಲ್ಲಿದ್ದರೆ ಮನೆಯಲ್ಲಿ ವಯಸ್ಸಾದವರೂ ಹೆಂಗಸರೂ ಮಕ್ಕಳೂ ಮಾತ್ರ. ಇಲ್ಲಿ ಬೇಕಾದದ್ದು ಕಚ್ಚುವ ನಾಯಿಯಲ್ಲ, ತೋಡು ದಾಟಿ ಯಾರೋ ಬರುತ್ತಿದ್ದಾರೆಂದು ಮೊದಲೇ ಕೂಗಿ ಹೇಳುವ ನಾಯಿ. ತೋಟಕ್ಕೆ ನುಗ್ಗುವ ಮಂಗಗಳನ್ನು ಬೊಗಳಿ ಓಡಿಸಬೇಕು. ಹಟ್ಟಿಯ ದನಕರುವಿನ ಜೊತೆ, ಅಂಗಳದ ಕೋಳಿಯ ಜೊತೆ ಜಗಳವಿಲ್ಲದೆ ಇರಬೇಕು. ಬೇಟೆನಾಯಿಗೆ ಇದು ಒಗ್ಗುವುದಿಲ್ಲ. ಸ್ಪಿಟ್ಜ್‌ಗೆ ಇದು ಹುಟ್ಟುಗುಣ. ಪೇಟೆಯ ಫ್ಲ್ಯಾಟಿನಲ್ಲಿ ದೂರಿಗೆ ಕಾರಣವಾಗುವ ಅದರ ಬೊಗಳು ಇಲ್ಲಿ ಉಪಯೋಗದ ಗುಣವಾಯಿತು. ಚೆಲುವಿಗಾಗಿ ತಂದ ನಾಯಿ ಉಳಿದದ್ದು ಕೆಲಸದಿಂದ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಈ ತಾಲೂಕುಗಳ ಘಟ್ಟದ ಬುಡದ ಊರುಗಳಲ್ಲಷ್ಟೇ ಅಲ್ಲ, ಪೇಟೆಗೆ ಹತ್ತಿರದ ಹಾಡಿಗಳಲ್ಲೂ ಚಿರತೆ ಓಡಾಡುತ್ತದೆ. ನಾಯಿ ಅದರ ಮೆಚ್ಚಿನ ಆಹಾರ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ಸಣ್ಣ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ರಾತ್ರಿ ಅದನ್ನು ಒಳಗೆ ಸೇರಿಸಬೇಕು, ಇಲ್ಲವೇ ಗಟ್ಟಿ ಬಾಗಿಲಿನ ಗೂಡಿನಲ್ಲಿಡಬೇಕು.

5. ಬಿಳುಪು ಮತ್ತು ಕೂದಲು: ಎರಡು ಅಡಗುವ ಗುಣಗಳು

ಇಂಡಿಯನ್ ಸ್ಪಿಟ್ಜ್‌ನ ಬಿಳುಪು ತೊನ್ನಿನಂಥ ಬಣ್ಣಗೇಡಲ್ಲ. ಮೂಗು, ತುಟಿ, ಕಣ್ಣರೆಪ್ಪೆಯ ಅಂಚು ಕಪ್ಪಾಗಿಯೇ ಇರುತ್ತವೆ. ಸ್ಪಿಟ್ಜ್ ಗುಂಪಿನ ಬಿಳಿ ನಾಯಿಗಳಲ್ಲಿ ಇದಕ್ಕೆ ಮುಖ್ಯ ಕಾರಣ ಎಂಸಿ1ಆರ್ ಎಂಬ ವಂಶವಾಹಿಯ ಒಂದು ರೂಪ. ತಂದೆ ತಾಯಿ ಇಬ್ಬರಿಂದಲೂ ಈ ರೂಪ ಬಂದರೆ ಕೂದಲಿನಲ್ಲಿ ಕಪ್ಪು ಬಣ್ಣ ತಯಾರಾಗುವುದಿಲ್ಲ, ಚರ್ಮದಲ್ಲಿ ತಯಾರಾಗುತ್ತದೆ. ಆಗ ಉಳಿಯುವುದು ಹಳದಿ ಬಣ್ಣ. ಅದನ್ನೂ ಬೇರೆ ವಂಶವಾಹಿಗಳು ತಿಳಿಯಾಗಿಸಿದಾಗ ಕೂದಲು ಬೆಳ್ಳಗಾಗುತ್ತದೆ. ಹೀಗೆ ತಿಳಿಯಾಗಿಸುವ ಎಂಎಫ್‌ಎಸ್‌ಡಿ12 ಎಂಬ ವಂಶವಾಹಿಯನ್ನು 2019ರಲ್ಲಿ ಗುರುತಿಸಲಾಯಿತು. ಅನೇಕ ನಾಯಿಗಳ ಕಿವಿಯಂಚಿನಲ್ಲಿ, ಬೆನ್ನಿನಲ್ಲಿ ಕಾಣುವ ಬೆಣ್ಣೆ ಬಣ್ಣ ಪೂರ್ತಿ ಮಾಸದೆ ಉಳಿದ ಈ ಹಳದಿಯೇ. ಅದನ್ನು ಬೆರಕೆಯ ಗುರುತೆಂದು ತಿಳಿಯಬಾರದು.

ಉದ್ದ ಕೂದಲಿನದೂ ಇಂಥದೇ ಲೆಕ್ಕ. ಎಫ್‌ಜಿಎಫ್5 ಎಂಬ ವಂಶವಾಹಿಯ ದುರ್ಬಲ ರೂಪ ಎರಡೂ ಕಡೆಯಿಂದ ಬಂದಾಗ ಮಾತ್ರ ಕೂದಲು ಉದ್ದವಾಗುತ್ತದೆ. ಗಿಡ್ಡ ಕೂದಲು ಪ್ರಬಲ ಗುಣ.

ಇದರ ಪರಿಣಾಮವನ್ನು ಹಳ್ಳಿಯ ವಾಸ್ತವದಲ್ಲಿಟ್ಟು ನೋಡೋಣ. ಬಿಳಿ ಹೆಣ್ಣುನಾಯಿ ಬೆದೆಗೆ ಬಂದಾಗ ಸುತ್ತಲಿನ ಊರುನಾಯಿಗಳು ಅಂಗಳಕ್ಕೆ ಬರುತ್ತವೆ. ಸುಮಾರು 63 ದಿನಗಳ ಮೇಲೆ ಹುಟ್ಟುವ ಕುನ್ನಿಗಳಲ್ಲಿ ಕಪ್ಪು ಪಟ್ಟೆಯದೋ ಕಂದು ಬಣ್ಣದ್ದೋ ಒಂದು ಕಂಡರೆ, ತಾಯಿಯ ಜೊತೆಗೆ ಕೂಡಿಸಿದ ಬಿಳಿ ಗಂಡು ಅದರ ತಂದೆಯಾಗಿರಲಾರದು. ಎರಡು ಬಿಳಿ ನಾಯಿಗಳಿಗೂ ಎಂಸಿ1ಆರ್‌ನಿಂದಲೇ ಬಿಳುಪು ಬಂದಿದ್ದಲ್ಲಿ ಅವುಗಳಿಗೆ ಕಪ್ಪು ಕೂದಲಿನ ಮರಿ ಹುಟ್ಟುವುದಿಲ್ಲ. ಒಂದೇ ಸೂಲಿನ ಮರಿಗಳಿಗೆ ಇಬ್ಬರು ತಂದೆಯರಿರುವುದು ನಾಯಿಗಳಲ್ಲಿ ಸಾಧ್ಯ. ಊರುನಾಯಿಗೆ ಹುಟ್ಟಿದ ಮೊದಲ ಪೀಳಿಗೆಯಲ್ಲಿ ಸಾಮಾನ್ಯವಾಗಿ ಬಿಳುಪೂ ಹೋಗುತ್ತದೆ, ಉದ್ದ ಕೂದಲೂ ಹೋಗುತ್ತದೆ. ಆದರೆ ಗುಣ ಅಳಿದಿರುವುದಿಲ್ಲ, ಅಡಗಿರುತ್ತದೆ. ಅಂಥ ಮರಿಯನ್ನು ಮತ್ತೆ ಬಿಳಿ ಸ್ಪಿಟ್ಜ್‌ಗೆ ಕೂಡಿಸಿದರೆ ಕೆಲವು ಮರಿಗಳಲ್ಲಿ ಮರಳಿ ಮೂಡುತ್ತದೆ. ಇದರಿಂದ ಎರಡು ಪಾಠ. ಬಿಳಿಯಾಗಿದೆ ಎಂಬುದೊಂದೇ ಶುದ್ಧ ತಳಿಯ ಸಾಕ್ಷಿಯಲ್ಲ. ಬಣ್ಣ ಕಳೆದುಕೊಂಡ ಮರಿ ತಳಿಯಿಂದ ಪೂರ್ತಿ ಹೊರಬಿದ್ದದ್ದೂ ಅಲ್ಲ. ತಂದೆ ತಾಯಿ ಯಾರೆಂಬ ದಾಖಲೆ ಇಲ್ಲದೆ ಇವೆರಡನ್ನೂ ಬಿಡಿಸಿ ನೋಡಲಾಗದು.

6. ಕರಾವಳಿಯ ಹವೆಯಲ್ಲಿ

ಸ್ಪಿಟ್ಜ್‌ನ ಮೈಮೇಲೆ ಎರಡು ಪದರ ಕೂದಲಿದೆ: ಹೊರಗೆ ಉದ್ದನೆಯ ಒರಟು ಕೂದಲು, ಒಳಗೆ ಮೆತ್ತನೆಯ ದಟ್ಟ ರೋಮ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ನಾಲಗೆಯ ತೇವ ಆರಿದಾಗ. ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಆರುವುದಿಲ್ಲ. ಹಾಗಾಗಿ ಏಪ್ರಿಲ್–ಮೇ ತಿಂಗಳ ಕುಂದಾಪುರದ ಸೆಕೆ, ಉಷ್ಣಮಾಪಕ ಅಷ್ಟೇನೂ ಏರದಿದ್ದರೂ, ಈ ನಾಯಿಗೆ ಒಣ ಬಿಸಿಲಿಗಿಂತ ಕಷ್ಟ. ಮಧ್ಯಾಹ್ನ ನೆರಳು, ಯಾವಾಗಲೂ ನೀರು, ತಣ್ಣನೆಯ ನೆಲ ಇದ್ದರೆ ನಿಭಾಯಿಸುತ್ತದೆ. ಕೂದಲನ್ನು ಬುಡದವರೆಗೆ ಬೋಳಿಸುವುದು ಪರಿಹಾರವಲ್ಲ. ಸ್ಪಿಟ್ಜ್ ಜಾತಿಯಲ್ಲಿ ಹಾಗೆ ಬೋಳಿಸಿದ ಕೂದಲು ಸರಿಯಾಗಿ ಮರಳದಿರುವುದುಂಟು. ಒಳರೋಮವನ್ನು ಬಾಚಿ ತೆಗೆಯುವುದೇ ಸರಿಯಾದ ದಾರಿ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳರೋಮ ಆರುವುದೇ ಕಷ್ಟ. ಒದ್ದೆಯಾಗಿ ಉಳಿದ ಚರ್ಮಕ್ಕೆ ಬೂಷ್ಟು, ಹುಣ್ಣು ಹತ್ತುತ್ತವೆ. ದಟ್ಟ ಕೂದಲಿನಲ್ಲಿ ಉಣ್ಣಿ ಕಾಣದೆ ಉಳಿದು ಎರ್ಲಿಕಿಯಾ, ಬೆಬೀಸಿಯಾ ಜ್ವರಗಳನ್ನು ಹರಡುತ್ತದೆ. ನಾಯಿ ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ಪಶುವೈದ್ಯರ ಬಳಿಗೆ ಅಂದೇ ಒಯ್ಯಬೇಕು. ಇಲಿಜ್ವರ ಕರಾವಳಿಯಲ್ಲಿ ಮನುಷ್ಯರಿಗೂ ನಾಯಿಗೂ ಬರುವ ರೋಗವಾದ್ದರಿಂದ ಅದರ ಲಸಿಕೆಯನ್ನೂ, ರೇಬೀಸ್ ಲಸಿಕೆಯನ್ನೂ ವರ್ಷ ವರ್ಷ ಹಾಕಿಸಬೇಕು. ಕುನ್ನಿಗಳಿಗೆ ದೊಡ್ಡ ಶತ್ರು ಪಾರ್ವೊ ವೈರಸ್. 1978ರಲ್ಲಿ ಗುರುತಿಸಲಾದ ಈ ರೋಗ ಲಸಿಕೆ ಹಾಕದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ಆಹಾರದ ಮಟ್ಟಿಗೆ ಈ ನಾಯಿ ಕುಚ್ಚಲಕ್ಕಿ ಗಂಜಿ, ಬೇಯಿಸಿದ ಬಂಗಡೆ–ಬೈಗೆಗೆ ಒಗ್ಗಿಕೊಂಡಿದೆ. ಮುಳ್ಳು ಬಿಡಿಸಿ ಕೊಡಬೇಕು, ನೀರುಳ್ಳಿ ಹಾಕಿದ ಸಾರು ಕೊಡಬಾರದು. ನೀರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಬರೀ ಮೆತ್ತಗಿನ ಅನ್ನ ತಿನ್ನುವ ಸಣ್ಣ ದವಡೆಯ ನಾಯಿಗೆ ಹಲ್ಲಿನ ರೋಗ ಬೇಗ ಬರುತ್ತದೆ. ಇಷ್ಟನ್ನು ನೋಡಿಕೊಂಡರೆ ಹನ್ನೆರಡು, ಹದಿನಾಲ್ಕು ವರ್ಷ ಬದುಕುವ ನಾಯಿ ಇದು.

7. ತಳಿಯ ಇಂದಿನ ನೆಲೆ

1990ರ ದಶಕದ ಆರ್ಥಿಕ ಉದಾರೀಕರಣದ ಮೇಲೆ ವಿದೇಶೀ ತಳಿಗಳು ಸುಲಭವಾಗಿ ಬಂದವು. 2003ರ ಹಚ್ ಮೊಬೈಲ್ ಜಾಹೀರಾತು ಪಗ್ ನಾಯಿಯನ್ನು ಮನೆಮಾತಾಗಿಸಿತು. 2022ರಲ್ಲಿ ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ ಲ್ಯಾಬ್ರಡಾರ್ ನಾಯಿಯ ಮೇಲೆ ಕನ್ನಡಿಗರಿಗೆ ಅಕ್ಕರೆ ಹುಟ್ಟಿಸಿತು. ಇತ್ತ ದೇಸೀ ತಳಿಗಳ ಬಗ್ಗೆಯೂ ಗೌರವ ಬೆಳೆದಿದೆ. ಅಂಚೆ ಇಲಾಖೆ 2005ರಲ್ಲಿ ಮುಧೋಳವೂ ಸೇರಿ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ತಂದಿತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ 2020ರಲ್ಲಿ ರಾಜಪಾಳಯಂ, ಚಿಪ್ಪಿಪಾರೈ, ಮುಧೋಳ ತಳಿಗಳನ್ನು ನೋಂದಾಯಿಸಿತು. ಇಂಡಿಯನ್ ಸ್ಪಿಟ್ಜ್ ಈ ಎರಡು ಗೌರವಗಳ ನಡುವೆ ಬಿದ್ದಿದೆ. ವಿದೇಶೀ ಮೋಹವುಳ್ಳವರಿಗೆ ಅದು ಹಳೆಯ ಕಾಲದ ನಾಯಿ, ದೇಸೀ ಅಭಿಮಾನವುಳ್ಳವರಿಗೆ ಅದು ಪರದೇಶದ್ದು.

ಮೂಲದ ಜರ್ಮನಿಯಲ್ಲೂ ಸ್ಥಿತಿ ಬೇರೆಯಲ್ಲ. ಚಿಕ್ಕ ಪೊಮೇರಿಯನ್ ಜಗತ್ತಿನಾದ್ಯಂತ ಮೆರೆಯುತ್ತಿರುವಾಗ ದೊಡ್ಡ, ಮಧ್ಯಮ ಗಾತ್ರದ ಜರ್ಮನ್ ಸ್ಪಿಟ್ಜ್‌ಗಳು ವಿರಳವಾಗಿ, ಅಲ್ಲಿಯ ಸಾಕುಪ್ರಾಣಿ ತಳಿ ಸಂರಕ್ಷಣಾ ಸಂಸ್ಥೆ 2003ರಲ್ಲಿ ಅವನ್ನು ಆ ವರ್ಷದ ಅಪಾಯದಲ್ಲಿರುವ ತಳಿಯೆಂದು ಸಾರಿತು. ಗೇನ್ಸ್‌ಬರೊ ಬರೆದ ಗಾತ್ರದ ಬಿಳಿ ಸ್ಪಿಟ್ಜ್ ತನ್ನ ತವರಿನಲ್ಲೇ ಕಡಿಮೆಯಾಗಿರುವಾಗ, ಭಾರತದ ಊರುಮನೆಗಳಲ್ಲಿ ಉಳಿದಿರುವ ನಾಯಿಗಳ ಬೆಲೆ ಹೆಚ್ಚುತ್ತದೆ.

8. ಮಾಡಬೇಕಾದದ್ದು

ಮೊದಲನೆಯದು ಅಳತೆ. ಭುಜದ ಎತ್ತರ, ತೂಕ, ಎರಡೂ ಪದರ ಕೂದಲಿನ ಉದ್ದ, ಬೆಣ್ಣೆ ಬಣ್ಣದ ಭಾಗಗಳು, ಕಣ್ಣು–ಮೂಗಿನ ಬಣ್ಣ, ಕೂದಲು ಉದುರುವ ತಿಂಗಳು, ಇಷ್ಟನ್ನು ಬರೆದುಕೊಳ್ಳಲು ಒಂದು ಹಾಳೆ ಸಾಕು. ಪಶು ಆಸ್ಪತ್ರೆಗಳು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ನಡೆಸುವ ಲಸಿಕೆ ಶಿಬಿರಗಳಿಗೆ ನಾಯಿಗಳು ತಾವಾಗಿಯೇ ಬರುತ್ತವೆ. ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಅಲ್ಲಿ ಕೂತು ಈ ಹಾಳೆ ತುಂಬಬಹುದು.

ಎರಡನೆಯದು ವಂಶದ ನೆನಪು. ‘ಇದು ಯಾರ ಮನೆಯ ಕುನ್ನಿ?’ ಎಂದು ಕೇಳಿದರೆ ಮನೆಯ ಹಿರಿಯರು ತಾಯಿಯ ಮನೆ, ಅದರ ತಾಯಿಯ ಮನೆ ಎಂದು ಎರಡು ಮೂರು ತಲೆಮಾರು ಹೇಳಬಲ್ಲರು. ಕೆನಲ್ ಕ್ಲಬ್ಬಿನ ಕಾಗದ ಇಲ್ಲದ ನಾಯಿಗೆ ಇದೇ ವಂಶಾವಳಿ. ಇಂಥ ನೆನಪುಗಳನ್ನು ಜೋಡಿಸಿದರೆ ಯಾವ ನಾಯಿಗಳು ಹತ್ತಿರದ ಸಂಬಂಧದವು, ಯಾವುದನ್ನು ಯಾವುದಕ್ಕೆ ಕೂಡಿಸಬಾರದು ಎಂಬುದೂ ತಿಳಿಯುತ್ತದೆ.

ಮೂರನೆಯದು ಸಂಯಮ. 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣುನಾಯಿಯನ್ನು ಮರಿಗೆ ಬಿಡುವಂತಿಲ್ಲ, ಎಂಟು ವಾರ ತುಂಬದ ಕುನ್ನಿಯನ್ನು ಮಾರುವಂತಿಲ್ಲ. ಈ ಮಾತು ಮಾರಾಟಗಾರನಿಗೆ ಎಷ್ಟೋ ಹಂಚುವ ಮನೆಗೂ ಅಷ್ಟೇ ಹಿತ. ಮರಿ ಬೇಡದ ಮನೆಯವರು ಸಂತಾನಹರಣ ಚಿಕಿತ್ಸೆ ಮಾಡಿಸುವುದು ಅನಾಥ ಮರಿಗಳನ್ನು ಪೇಟೆಯಲ್ಲಿ ಬಿಟ್ಟುಬರುವ ಕ್ರೌರ್ಯಕ್ಕಿಂತ ಸಾವಿರ ಪಾಲು ಮೇಲು.

ಒಂದು ತಳಿ ಎಲ್ಲಿಂದ ಬಂತು ಎಂಬುದರಷ್ಟೇ ಮುಖ್ಯವಾದದ್ದು ಅದನ್ನು ಯಾರು, ಯಾವುದಕ್ಕಾಗಿ, ಹೇಗೆ ಉಳಿಸಿದರು ಎಂಬುದು. ಬಿಳಿ ಸ್ಪಿಟ್ಜ್‌ನ ಮಟ್ಟಿಗೆ ಮೊದಲ ಪ್ರಶ್ನೆಯ ಉತ್ತರ ಯುರೋಪಿನ ದಾಖಲೆಗಳಲ್ಲಿದೆ. ಎರಡನೆಯದರ ಉತ್ತರ ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ಸೀಮೆಗಳ ಮನೆಗಳಲ್ಲಿದೆ, ಅದನ್ನು ಹೇಳಬಲ್ಲ ಹಿರಿಯರೂ ಇದ್ದಾರೆ. ಜಪಾನೀಯರು 1948ರಲ್ಲಿ ಮಾಡಿದ ಕೆಲಸವನ್ನು ನಾವು ಈಗಲಾದರೂ ಮಾಡಿದರೆ, ಇಂಡಿಯನ್ ಎಂಬ ಹೆಸರಿಗೆ ಬೇಕಾದ ಆಧಾರವನ್ನು ಈ ಮೂರು ತಾಲೂಕುಗಳೇ ಒದಗಿಸಬಲ್ಲವು.